ಹನ್ನೊಂದು ಪ್ರಶ್ನೆ, ಹನ್ನೊಂದು ಹೌದು

ಕ್ರೈಸ್ತ ಸಭೆಯ ಸೇವೆಯಲ್ಲಿರುವ ಗೆಳೆಯರಿಗೆ ಒಂದು ಮಾತು. ನಿಮ್ಮ ಸೇವೆಯ ಅನುಭವವನ್ನೇ ಹಿಡಿದು ಪ್ರಾಕ್ಟಿಕಲ್ ಥಿಯಾಲಜಿಯಲ್ಲಿ, ಅಂದರೆ ಸಭೆಯ ಬದುಕು ಮತ್ತು ಆಚರಣೆಯನ್ನೇ ಹಿಡಿದು ಯೋಚಿಸುವ ದೇವಶಾಸ್ತ್ರದಲ್ಲಿ, ಸಂಶೋಧನೆ ಮಾಡೋದಾದರೆ, ದಯವಿಟ್ಟು ಬೈಬಲ್ ವಚನದಿಂದ ಶುರು ಮಾಡಬೇಡಿ. ಮೊದಲು ಜನರ ಮಾತು ಕೇಳಿ.

ನನ್ನ ಸಂಶೋಧನೆಗೆ ನಾನು ಆರಿಸಿಕೊಂಡಿದ್ದು 2018ರ ಆಗಸ್ಟ್. ಮಕ್ಕಂದೂರು, ಕಾಲೂರು, ಜೋಡುಪಾಲದ ಕಡೆ ಗುಡ್ಡ ಜರಿದ ದಿನಗಳು. ಆಗಲೂ ನಾನು ಕೊಡಗಿನ ಇದೇ ಸಣ್ಣ ಸಭೆಯ ಪಾಸ್ಟರ್. ಮಳೆ ನಿಂತ ಮೇಲೆ ಒಂದು ಭಾನುವಾರ ದೇವರಿಗೆ ಕೃತಜ್ಞತೆ ಹೇಳುವ ಸ್ತೋತ್ರದ ಆರಾಧನೆ ಇಟ್ಟೆ. ಜೀವ ಉಳಿಯಿತಲ್ಲ ಅಂತ ಒಬ್ಬೊಬ್ಬರನ್ನೇ ಎಬ್ಬಿಸಿ ಸಾಕ್ಷಿ ಹೇಳಿಸಿದೆ. 'ಒಳ್ಳೆಯ ಆರಾಧನೆ' ಅಂತ ಆ ರಾತ್ರಿ ಡೈರಿಯಲ್ಲಿ ಬರೆದುಕೊಂಡೆ.

ನಮ್ಮ ಸಭೆಯ ಅಜ್ಜಿಯೊಬ್ಬರು ಈಗ ಜಂಬೂರಿನಲ್ಲಿ, ಸಂತ್ರಸ್ತರಿಗೆ ಕಟ್ಟಿಕೊಟ್ಟ ಮನೆಯಲ್ಲಿದ್ದಾರೆ. ಬೇರೆಯವರ ತೋಟದಲ್ಲಿ ಕಾಫಿ ಕುಯ್ದು ಕಟ್ಟಿಸಿಕೊಂಡ ಹಳೇ ಮನೆ ಮಣ್ಣಿನಡಿ ಹೋಯಿತು. ಸಂಶೋಧನೆಗಾಗಿ ಮಾತಾಡಿಸಲು ಹೋದಾಗ ಅವರಿಗೆ ಒಪ್ಪಿಗೆ ಪತ್ರ ಓದಿ ಹೇಳಿದೆ. ಹೆಸರು ಬರೆಯಲ್ಲ, ಬೇಡ ಅನಿಸಿದರೆ ನಡುವೆಯೇ ನಿಲ್ಲಿಸಬಹುದು ಅಂದೆ. ಹೆಬ್ಬೆಟ್ಟು ಒತ್ತಿದರು.

'ಆ ಆರಾಧನೆಯಿಂದ ಸಮಾಧಾನ ಸಿಕ್ಕಿತಾ ಅಜ್ಜಿ?'

'ಹೌದು ಪಾಸ್ಟ್ರೇ.'

'ನಂಬಿಕೆ ಗಟ್ಟಿಯಾಯ್ತಾ?'

'ಹೌದು ಪಾಸ್ಟ್ರೇ.'

ಹನ್ನೊಂದು ಪ್ರಶ್ನೆಗೂ ಹೌದು. ರೆಕಾರ್ಡಿಂಗ್ ನಿಲ್ಲಿಸಿ ಫೋನ್ ಜೇಬಿಗೆ ಹಾಕಿದೆ. ಅಜ್ಜಿ ಬೆಲ್ಲದ ಕಾಫಿ ತಂದು ಲೋಟ ಕೈಗಿಟ್ಟರು. ಆಮೇಲೆ ನೆಲ ನೋಡುತ್ತಾ ಹೇಳಿದರು: 'ಆವತ್ತು ನನ್ನನ್ನ ಎಬ್ಬಿಸಬಾರದಿತ್ತು ಪಾಸ್ಟ್ರೇ. ಸ್ತೋತ್ರ ಅಂದೆ, ಬಾಯಲ್ಲಿ ಅಂದೆ ಅಷ್ಟೇ. ಹಸು ಕೊಟ್ಟಿಗೆಯಲ್ಲೇ ಉಳೀತು. ಹಗ್ಗ ಬಿಚ್ಚೋಕಾಗಲಿಲ್ಲ. ಅದರ ಕೂಗು ಇನ್ನೂ ಕಿವಿಯಲ್ಲಿತ್ತು.'

ಕಾಫಿ ಗಂಟಲಲ್ಲಿ ಇಳಿಯಲಿಲ್ಲ. ಈ ಮಾತನ್ನು ಬರೆಯಬಹುದಾ ಅಂತ ಮತ್ತೆ ಕೇಳಿದೆ. ಎರಡು ದಿನ ಬಿಟ್ಟು 'ಬರೀರಿ' ಅಂದರು. ಇಲ್ಲಿ ಹಾಕೋದಕ್ಕೂ ಕೇಳಿದ್ದೇನೆ.

ರಿಚರ್ಡ್ ಆಸ್ಮರ್ ಅನ್ನೋ ದೇವಶಾಸ್ತ್ರಜ್ಞರು ಇಂಥ ಕೆಲಸಕ್ಕೆ ನಾಲ್ಕು ಪ್ರಶ್ನೆ ಕೊಟ್ಟಿದ್ದಾರೆ. ಏನು ನಡೆಯುತ್ತಿದೆ? ಯಾಕೆ ನಡೆಯುತ್ತಿದೆ? ಏನು ನಡೆಯಬೇಕು? ನಾವೇನು ಮಾಡೋಣ? ನಾವು ಪಾಸ್ಟರುಗಳು ನೇರ ಮೂರನೆಯದಕ್ಕೆ ಹಾರುತ್ತೇವೆ. ಅದು ನಮಗೆ ಚೆನ್ನಾಗಿ ಬರುತ್ತೆ ಅಲ್ವಾ? ನಾನಂತೂ ಉತ್ತರವನ್ನೇ ಪ್ರಶ್ನೆಯೊಳಗೆ ಇಟ್ಟು ಕೇಳಿದ್ದೆ. ಮೇಲಾಗಿ ಅವರ ಮೊಮ್ಮಕ್ಕಳಿಗೆ ದೀಕ್ಷಾಸ್ನಾನ ಕೊಟ್ಟವನು ನಾನು. ಮನೆಗೆ ಬಂದ ಪಾಸ್ಟರ್ ಮುಖಕ್ಕೆ 'ಇಲ್ಲ' ಅಂತ ಯಾರು ಹೇಳುತ್ತಾರೆ?

ಪ್ರಶ್ನೆಪತ್ರ ಹರಿದು ಹಾಕಿದೆ. 'ಆವತ್ತು ಏನಾಯ್ತು ಹೇಳಿ' ಅನ್ನೋದೊಂದೇ ಉಳಿಸಿಕೊಂಡೆ. ಉಳಿದ ಮನೆಗಳಿಗೆ ನಾನು ಹೋಗಲಿಲ್ಲ. ನಮ್ಮ ಸಭೆಗೆ ಸಂಬಂಧವಿಲ್ಲದ ಅಕ್ಕ ಒಬ್ಬರು ಹೋಗಿ ಮಾತಾಡಿಸಿದರು.

ಬೈಬಲ್ ತೆರೆದದ್ದು ಅದಾದ ಮೇಲೆ. ಕೀರ್ತನೆ 88 ಓದಿ ನೋಡಿ. ಅದರ ಕೊನೆಯಲ್ಲಿ ಸ್ತೋತ್ರ ಇಲ್ಲ, ಕತ್ತಲೆ ಇದೆ. ಇಷ್ಟು ವರ್ಷದ ಸೇವೆಯಲ್ಲಿ ಒಮ್ಮೆಯೂ ನಾನದನ್ನು ಆರಾಧನೆಯಲ್ಲಿ ಓದಿಸಿರಲಿಲ್ಲ.

ಕಳೆದ ಆಗಸ್ಟ್‌ನಲ್ಲಿ ಓದಿಸಿದೆ. ಯಾರನ್ನೂ ಎಬ್ಬಿಸಲಿಲ್ಲ. ಓದಿ ಮುಗಿದ ಮೇಲೆ ಹತ್ತು ನಿಮಿಷ ಎಲ್ಲರೂ ಸುಮ್ನೆ ಕೂತೆವು. ಹೊರಗೆ ಮಳೆ ಹೊಯ್ಯುತ್ತಿತ್ತು. ಕೆಲವರಿಗೆ ಇಷ್ಟವಾಗಲಿಲ್ಲ, ಆರಾಧನೆ ಸಪ್ಪೆಯಾಯ್ತು ಅಂದರು. ಅವರ ಮಾತನ್ನೂ ಹಾಗೇ ಬರೆದುಕೊಂಡಿದ್ದೇನೆ.