ಪಂಚ್ ಫೇಸಾ, ಡಾಲ್ ಫೇಸಾ?

ನಮ್ಮ ಮನೆಯಲ್ಲಿ ಮಗಳಿಗೆ ಕಾಲೇಜು ಆರಿಸಿದ್ದು ಒಂದೇ ಸಂಜೆಯಲ್ಲಿ. ಬೆಕ್ಕು ಆರಿಸಲು ಯುಗಾದಿಯಿಂದ ಗಣೇಶನ ಹಬ್ಬದವರೆಗೆ ಹಿಡಿಯಿತು.

ದಾವಣಗೆರೆಯಲ್ಲಿ ಬೆಕ್ಕನ್ನು ಯಾರಾದರೂ ಆರಿಸುತ್ತಾರಾ? ಅದೇ ಬರುತ್ತದೆ, ಅಟ್ಟದಲ್ಲಿ ಮರಿ ಹಾಕುತ್ತದೆ, ಬೈಸಿಕೊಂಡು ಹೋಗುತ್ತದೆ, ಮತ್ತೆ ಬರುತ್ತದೆ. ಆದರೆ ಮಗಳಿಗೆ ಜಾತಿ ಬೆಕ್ಕೇ ಬೇಕು. ಸರಿ, ಯಾವ ಜಾತಿ? ಅಲ್ಲಿಂದ ಶುರುವಾಯಿತು ನೋಡಿ.

ಮಗ ಮೈನ್ ಕೂನ್ ಎಂದ. ಗಂಡುಬೆಕ್ಕು ಎಂಟು ಕೆಜಿವರೆಗೂ ತೂಗುತ್ತದೆ, ಪೂರ್ತಿ ಬೆಳೆಯಲು ಮೂರ್ನಾಲ್ಕು ವರ್ಷ ಬೇಕು. ಇವನೊಬ್ಬನನ್ನು ಬೆಳೆಸುತ್ತಿರುವುದೇ ಸಾಕಾಗಿದೆ ಎಂದೆ.

ಇವರು ಕೂದಲೇ ಇಲ್ಲದ ಸ್ಫಿಂಕ್ಸ್ ಹುಡುಕಿದರು. "ಉದುರೋಕೆ ಏನೂ ಇಲ್ಲ, ಕಸ ಗುಡಿಸೋ ತಾಪತ್ರಯ ಇಲ್ಲ." ಫೋಟೊ ನೋಡಿದ ಅತ್ತೆ, "ಅಯ್ಯೋ ಪಾಪ, ಕಜ್ಜಿ ಆಗಿದ್ಯಾ ಇದಕ್ಕೆ?" ಎಂದರು. ಹೆಸರು ಈಜಿಪ್ಟಿನದಾದರೂ ಈ ಬೆಕ್ಕು ಹುಟ್ಟಿದ್ದು 1966ರಲ್ಲಿ, ಕೆನಡಾದ ಟೊರಾಂಟೊದಲ್ಲಿ. ಮೈಯ ಜಿಡ್ಡು ಹೀರಲು ಕೂದಲಿಲ್ಲದ್ದರಿಂದ ಆಗಾಗ ಸ್ನಾನ ಮಾಡಿಸಬೇಕು. "ಯಾರು ಮಾಡಿಸ್ತೀರಿ?" ಎಂದೆ. ಇವರು ಪೇಪರ್ ಓದತೊಡಗಿದರು.

ಆಮೇಲೆ ಸಯಾಮೀಸ್. ಇದು ಬಹಳ ಮಾತಿನ ಬೆಕ್ಕು, ದಿನವಿಡೀ ಕೂಗುತ್ತದೆ ಎಂದು ಮಗಳು ಓದಿ ಹೇಳಿದಳು. "ಈ ಮನೇಲಿ ಮಾತಾಡೋರಿಗೇನು ಬರ ಬಂದಿದ್ಯಾ?" ಎಂದರು ಅತ್ತೆ. ಪಿಯುಸಿ ಬಯಾಲಜಿ ಓದುವ ಮಗ ಒಂದು ವಿಷಯ ಸೇರಿಸಿದ. ಮರಿ ಹುಟ್ಟುವಾಗ ಬಿಳಿಯೇ. ಮೈಯಲ್ಲಿ ತಂಪಾಗಿರುವ ಭಾಗ, ಅಂದರೆ ಕಿವಿ, ಮೂತಿ, ಪಾದ, ಬಾಲ ಮಾತ್ರ ಕ್ರಮೇಣ ಕಪ್ಪಾಗುತ್ತವೆ. ಸೆಕೆ ಜಾಸ್ತಿಯಾದಷ್ಟೂ ಬಣ್ಣ ತಿಳಿಯಾಗಿ ಉಳಿಯುತ್ತದೆ. "ಅಂದ್ರೆ ನಮ್ಮೂರ ಬಿಸಿಲಿಗೆ ಅದು ಬೆಳ್ಳಗಿರುತ್ತಾ?" ಅತ್ತೆ ಕನ್ನಡಕ ಏರಿಸಿದರು. "ಹಾಗಾದ್ರೆ ಅದೇ ಇರ್ಲಿ." ಹತ್ತಿರದಲ್ಲಿ ಎಲ್ಲೂ ಸಿಗಲಿಲ್ಲ.

ಕಿವಿ ಮಡಚಿದ ಸ್ಕಾಟಿಷ್ ಫೋಲ್ಡ್ ಬೇಡವೆಂದು ನಾನೇ ಹಟ ಹಿಡಿದೆ. ಕಿವಿ ಮಡಚುವ ಜೀನೇ ಅದರ ಕೀಲುಗಳನ್ನೂ ಕೆಡಿಸುತ್ತದೆ. ಮುದ್ದಾಗಿ ಕಾಣಲೆಂದು ಒಂದು ಜೀವ ಜನ್ಮವಿಡೀ ಕುಂಟಬೇಕಾ? ನನ್ನ ಮಂಡಿ ನೋವೇ ನನಗೆ ಸಾಕು.

ಕೊನೆಗೆ ಉಳಿದದ್ದು ಪರ್ಷಿಯನ್. ಬೆಂಗಳೂರಿನ ಒಬ್ಬರಿಗೆ ಫೋನ್ ಮಾಡಿದೆ. "ಪಂಚ್ ಫೇಸಾ, ಡಾಲ್ ಫೇಸಾ ಮೇಡಂ? ಸೆಮಿ ಪಂಚ್ ಕೂಡ ಇದೆ. ಎಲ್ಲಾ ಟ್ರಿಪಲ್ ಕೋಟ್, ದಟ್ಟ ಕೂದಲು." ಪಂಚ್ ಅಂದರೆ ಗುದ್ದಿಸಿಕೊಂಡ ಮುಖ. ಮೂಗು ಎರಡು ಕಣ್ಣಿನ ಮಧ್ಯೆ ಹೋಗಿ ಕೂತಿರುತ್ತದೆ, ಉಸಿರಾಟಕ್ಕೆ ಕಷ್ಟ, ಕಣ್ಣಲ್ಲಿ ಸದಾ ನೀರು. ಡಾಲ್ ಫೇಸಿನಲ್ಲಿ ಮೂಗು ದೇವರು ಇಟ್ಟ ಜಾಗದಲ್ಲೇ ಇರುತ್ತದೆ. ಅದೇ ಸಾಕು ಎಂದೆ. ವಂಶದ ಪೇಪರ್ ಕೇಳಿದೆ. "ಪೇಪರ್ ಯಾಕೆ ಮೇಡಂ, ಅಪ್ಪ ಅಮ್ಮನ ಫೋಟೊ ವಾಟ್ಸಾಪ್ ಮಾಡ್ತೀನಿ." ಪರ್ಷಿಯನ್‌ಗಳಿಗೆ ಕಿಡ್ನಿಯಲ್ಲಿ ನೀರುಗುಳ್ಳೆ ಆಗುವ ಕಾಯಿಲೆ ವಂಶದಲ್ಲೇ ಬರುತ್ತದೆ, ತಂದೆತಾಯಿಗೆ ಪರೀಕ್ಷೆ ಮಾಡಿಸಿದ್ದೀರಾ ಎಂದೆ. "ಚೆನ್ನಾಗಿ ತಿನ್ನುತ್ತೆ ಮೇಡಂ." ಆತನನ್ನು ಬಿಟ್ಟು, ಪರೀಕ್ಷೆಯ ವರದಿ ತೋರಿಸಿದ ಇನ್ನೊಬ್ಬರ ಹತ್ತಿರ ತಂದೆವು.

ತಂದದ್ದು ಗಣೇಶನ ಹಬ್ಬದ ಹಿಂದಿನ ದಿನ. "ಅವನ ವಾಹನ ಮನೆಗೆ ಬರೋ ಹೊತ್ತಿಗೇ ಇದನ್ನ ತರಬೇಕಿತ್ತಾ?" ಎಂದರು ಅತ್ತೆ. ಕೆನೆಬಣ್ಣದ ಮರಿ ಮಣ್ಣಿನ ಇಲಿಯನ್ನೊಮ್ಮೆ ಮೂಸಿ, ಅದರ ಪಕ್ಕದಲ್ಲೇ ಮಲಗಿತು. ಊರಿನ ಮರ್ಯಾದೆಗೆ ತಕ್ಕಂತೆ ಬೆಣ್ಣೆ ಎಂದು ಹೆಸರಿಟ್ಟೆವು.

ದಿನಾ ಬಾಚದಿದ್ದರೆ ಬೆಣ್ಣೆಯ ಕೂದಲು ಸಿಕ್ಕಾಗುತ್ತದೆ. ತನ್ನ ತಲೆಯನ್ನೇ ಬಾಚಿಕೊಳ್ಳದ ಮಗಳು ಬಾಚುತ್ತಾಳಾ? ಸ್ಟೀಲ್ ಬಾಚಣಿಗೆ ನನ್ನ ಕೈಗೆ ಬಂತು. ಹೊಟ್ಟೆಯ ಹತ್ತಿರ ಬಾಚಣಿಗೆ ಹೋದರೆ ಹಿಂಗಾಲಿನಲ್ಲಿ ಒದೆಯುತ್ತದೆ, ಒದ್ದ ಮೇಲೆ ಅದೇ ನೊಂದವರ ಹಾಗೆ ನೋಡುತ್ತದೆ. ಏಪ್ರಿಲ್ ಸೆಕೆಗೆ ಬಚ್ಚಲುಮನೆಯ ಟೈಲ್ಸ್ ಬಿಟ್ಟು ಏಳಲೇ ಇಲ್ಲ. ನನ್ನ ಮೆನೋಪಾಸಿನ ಬೆವರಿಗೆ ಬಾರದ ಎಸಿ ಬೆಣ್ಣೆಗೆ ಬಂತು.

ಊಟದ್ದು ಬೇರೆ ಕಥೆ. ನಮ್ಮದು ಮೊಟ್ಟೆಯೂ ದಾಟದ ಹೊಸ್ತಿಲು. ಬೆಕ್ಕಿಗೆ ಮಾಂಸದಲ್ಲಿರುವ ಟಾರಿನ್ ಸಿಗದಿದ್ದರೆ ಕಣ್ಣು, ಹೃದಯ ಎರಡೂ ಕೆಡುತ್ತವೆ, ಮೊಸರನ್ನದಲ್ಲಿ ಸಾಕಲು ಆಗಲ್ಲ. ಅತ್ತೆ ಪಾಯಸ ಇಟ್ಟು ನೋಡಿದರು. ಸಿಹಿ ರುಚಿಯೇ ಗೊತ್ತಾಗದ ಪ್ರಾಣಿ, ತಿರುಗಿಯೂ ನೋಡಲಿಲ್ಲ. ಕೊನೆಗೆ ಒಪ್ಪಂದವಾಯಿತು: ಮೀನಿನ ಒಣ ಆಹಾರ ತರುವುದು, ಆದರೆ ಮನೆಯಲ್ಲಿ ಅದನ್ನು ಎಲ್ಲರೂ 'ಬಿಸ್ಕೀಟು' ಎನ್ನುವುದು.

ಮೊನ್ನೆ ಹರಿಹರದಿಂದ ಅತ್ತೆಯ ತಮ್ಮ ಬಂದರು. ಕೇಕಿನಲ್ಲಿ ಮೊಟ್ಟೆ ಇದ್ದೀತೆಂದು ಬೇಕರಿಯ ಮೆಟ್ಟಿಲೂ ಹತ್ತದವರು. ಮಂಡಕ್ಕಿ ಮಿರ್ಚಿ ಕೊಟ್ಟು ಚಹಾ ಮಾಡಲು ಒಳಗೆ ಹೋದೆ. ಬೆಣ್ಣೆ ಎಬ್ಬಿಸಿದರೂ ಏಳದ್ದಕ್ಕೆ ಮಗಳು ಅದರ ಸ್ಟೀಲ್ ಬಟ್ಟಲನ್ನು ಟೀಪಾಯ್ ಮೇಲೆ ಬಿಟ್ಟು ಹೋಗಿದ್ದಳು. ನಾನು ಬರುವಷ್ಟರಲ್ಲಿ ಬಟ್ಟಲು ಮುಕ್ಕಾಲು ಖಾಲಿ. ಮಾವ ಕರುಂ ಕರುಂ ಅಗಿಯುತ್ತಿದ್ದರು.

"ಉಪ್ಪು ಸ್ವಲ್ಪ ಕಮ್ಮಿ. ಆದ್ರೂ ಚೆನ್ನಾಗಿದೆ ಅಕ್ಕಾ, ಯಾವ ಅಂಗಡೀದು?"

ಅತ್ತೆ ನನ್ನ ಮುಖ ನೋಡಿದರು, ಬೆಣ್ಣೆಯ ಮುಖ ನೋಡಿದರು.

"ಬೆಂಗಳೂರಿಂದ ತರಿಸ್ತೀವಪ್ಪ. ಹರಿಹರದಲ್ಲಿ ಸಿಗಲ್ಲ, ಕೇಳೋಕೂ ಹೋಗ್ಬೇಡ."