ಗಾಲಿಯ ಮೇಲಿನ ಮನೆಗೆ ಯಾವ ರಾಜ್ಯದ ವಿಳಾಸ?

ಅಮೆರಿಕದಲ್ಲಿ ಮನೆ ಮಾರಿ ಆರ್‌ವಿಯಲ್ಲೇ, ಅಂದರೆ ಅಡುಗೆ, ಮಲಗುವ ಸೌಕರ್ಯವೆಲ್ಲ ಇರುವ ಗಾಡಿಯಲ್ಲೇ, ಬದುಕಲು ಹೊರಟವರಿಗೆ ಎಲ್ಲರೂ ಕೊಡುವ ಸಲಹೆ ಒಂದೇ: ಸೌತ್ ಡಕೋಟ, ಟೆಕ್ಸಾಸ್, ಫ್ಲಾರಿಡ, ಈ ಮೂರರಲ್ಲಿ ಒಂದನ್ನು ನಿಮ್ಮ ರಾಜ್ಯ ಮಾಡಿಕೊಳ್ಳಿ, ಮೂರರಲ್ಲೂ ರಾಜ್ಯದ ಆದಾಯ ತೆರಿಗೆ ಇಲ್ಲ. ಸಲಹೆ ಸುಳ್ಳಲ್ಲ. ಆದರೆ ತೆರಿಗೆಯ ಲೆಕ್ಕ ಒಂದನ್ನೇ ಹಿಡಿದು ರಾಜ್ಯ ಆರಿಸುವುದು ಅಪಾಯ ಎಂದೇ ನನ್ನ ಅಭಿಪ್ರಾಯ. ಮಿಷಿಗನ್‌ನ ಮನೆ ಮಾರಿ ಗಾಡಿ ಹತ್ತುವ ಮೊದಲು ನಾನೂ ನನ್ನ ಹೆಂಡತಿಯೂ ಮೂರೂ ಕಡೆಯ ನಿಯಮಗಳನ್ನು ಕೂತು ಓದಿದೆವು. ಕೊನೆಗೆ ಟೆಕ್ಸಾಸ್ ಆರಿಸಿದೆವು, ಮಗಳ ಸಂಸಾರ ಅಲ್ಲಿದೆ ಎಂಬ ಕಾರಣಕ್ಕೆ.

ಗಾಡಿ ಎಲ್ಲಿ ಬೇಕಾದರೂ ನಿಲ್ಲಲಿ, ಮನುಷ್ಯನಿಗೆ ಮಾತ್ರ ಒಂದು ಕಾಯಂ ರಾಜ್ಯ ಬೇಕು. ಡ್ರೈವಿಂಗ್ ಲೈಸೆನ್ಸ್, ಗಾಡಿಯ ನೋಂದಣಿ, ವಿಮೆ, ಮತ, ಜ್ಯೂರಿಗೆ ಬರುವ ಕರೆ, ಸತ್ತ ಮೇಲೆ ಉಯಿಲಿನ ವಿಚಾರಣೆ, ಎಲ್ಲಕ್ಕೂ ಅದೇ ಆಧಾರ. ಇಲ್ಲಿನ ಕಾನೂನು ಇದನ್ನು ಡೊಮಿಸೈಲ್ ಎನ್ನುತ್ತದೆ. ಒಬ್ಬರಿಗೆ ಒಂದು ಕಾಲಕ್ಕೆ ಒಂದೇ. ಆ ರಾಜ್ಯದಲ್ಲಿ ನೀವು ಖುದ್ದಾಗಿ ಇದ್ದಿರಬೇಕು, ಎಲ್ಲಿಗೆ ಹೋದರೂ ಮರಳುವುದು ಅಲ್ಲಿಗೇ ಎಂಬ ಉದ್ದೇಶವೂ ಇರಬೇಕು. ಹೊಸದು ಗಟ್ಟಿಯಾಗುವವರೆಗೆ ಹಳೆಯದು ಬೆನ್ನು ಬಿಡುವುದಿಲ್ಲ. ಕ್ಯಾಲಿಫೋರ್ನಿಯದಿಂದಲೋ ನ್ಯೂಯಾರ್ಕ್‌ನಿಂದಲೋ ಹೊರಡುವವರು ಇದನ್ನು ನೆನಪಿಟ್ಟುಕೊಳ್ಳಬೇಕು, ಆ ರಾಜ್ಯಗಳ ತೆರಿಗೆ ಇಲಾಖೆಗಳು ಬಿಟ್ಟುಹೋದವರ ಕಾಗದಪತ್ರವನ್ನು ಬಹಳ ಸೂಕ್ಷ್ಮವಾಗಿ ನೋಡುತ್ತವೆ.

ಮೂರರಲ್ಲಿ ಬಾಗಿಲು ಅತಿ ಸುಲಭವಾಗಿ ತೆರೆಯುವುದು ಸೌತ್ ಡಕೋಟದ್ದು. ಅಲ್ಲಿನ ಕ್ಯಾಂಪ್‌ಗ್ರೌಂಡಿನಲ್ಲೋ ಹೋಟೆಲಿನಲ್ಲೋ ಒಂದು ರಾತ್ರಿ ತಂಗಿದ ರಸೀದಿ, ನಿಮ್ಮ ಅಂಚೆ ಪಡೆದು ನೀವಿದ್ದಲ್ಲಿಗೆ ಕಳಿಸುವ ಮೇಲ್ ಫಾರ್ವರ್ಡಿಂಗ್ ಸಂಸ್ಥೆಯೊಂದರ ವಿಳಾಸ, ಜೊತೆಗೊಂದು ಅಫಿಡವಿಟ್. ಇಷ್ಟರ ಮೇಲೆ ಆ ರಾಜ್ಯ ಸಂಚಾರಿಗಳಿಗೆ ಲೈಸೆನ್ಸ್ ಕೊಡುತ್ತಾ ಬಂದಿದೆ. ಗಾಡಿ ಕೊಂಡರೆ ತೆರಿಗೆ ಶೇ. 4, ಟೆಕ್ಸಾಸ್‌ನಲ್ಲಿ ಶೇ. 6.25. ಎರಡು ಲಕ್ಷ ಡಾಲರ್‌ನ ಮೋಟಾರ್‌ಹೋಮ್‌ಗೆ ಇದು 8,000 ಮತ್ತು 12,500 ಡಾಲರ್‌ಗಳ ವ್ಯತ್ಯಾಸ, ಕಡಿಮೆಯೇನಲ್ಲ. ಆದರೆ ಇಷ್ಟು ಹಗುರವಾಗಿ ಸಿಕ್ಕಿದ ನೆಲೆ ಅಷ್ಟೇ ಹಗುರ ಕೂಡ. 2023ರಲ್ಲಿ ಆ ರಾಜ್ಯ ಮತದಾರರ ಪಟ್ಟಿಗೆ ಸೇರಲು 30 ದಿನಗಳ ವಾಸ ಬೇಕೆಂಬ ಕಾನೂನು ತಂದಿತು. ಲೈಸೆನ್ಸ್‌ಗೆ ಒಂದು ರಾತ್ರಿ ಸಾಕು, ಮತಕ್ಕೆ ಒಂದು ತಿಂಗಳು. ಶಾಸನಸಭೆಯ ಮನಸ್ಸು ಬದಲಾದಂತೆ ನಿಮ್ಮ ನೆಲೆಯ ಅರ್ಧ ಕುಸಿಯಬಹುದು, ಅಲ್ಲಿ ನಿಂತು ನಿಮ್ಮ ಪರವಾಗಿ ಕೇಳುವವರು ಯಾರೂ ಇರುವುದಿಲ್ಲ.

ಟೆಕ್ಸಾಸ್‌ನಲ್ಲಿ ಕಟ್ಟುಪಾಡು ಸ್ವಲ್ಪ ಹೆಚ್ಚು. ಮೋಟಾರ್‌ಹೋಮ್ 26,000 ಪೌಂಡ್ ತೂಕ ದಾಟಿದರೆ ಮಾಮೂಲಿ ಕಾರ್ ಲೈಸೆನ್ಸ್ ಸಾಲದು, ಮೇಲಿನ ದರ್ಜೆಯದು ಬೇಕು, ಅದಕ್ಕೆ ಪರೀಕ್ಷೆಯೂ ಉಂಟು. ಖಾಸಗಿ ಗಾಡಿಗಳ ವಾರ್ಷಿಕ ಸುರಕ್ಷತಾ ತಪಾಸಣೆ ದೊಡ್ಡ ಕಿರಿಕಿರಿಯಾಗಿತ್ತು, ಸಾವಿರ ಮೈಲಿ ಆಚೆ ಇರುವವರಿಗಂತೂ; 2025ರ ಜನವರಿಯಿಂದ ಅದು ರದ್ದಾಗಿದೆ, ದೊಡ್ಡ ನಗರಗಳ ಸುತ್ತಲ ಕೆಲವು ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಂಥವು) ಹೊಗೆ ತಪಾಸಣೆ ಮಾತ್ರ ಉಳಿದಿದೆ. ನನಗೆ ಈ ರಾಜ್ಯದಲ್ಲಿ ಬಹಳ ಹಿಡಿಸಿದ್ದು ಲಿವಿಂಗ್‌ಸ್ಟನ್ ಎಂಬ ಊರು. 1978ರಲ್ಲಿ ಶುರುವಾದ ಎಸ್ಕೇಪೀಸ್ ಆರ್‌ವಿ ಕ್ಲಬ್‌ನ ಕೇಂದ್ರ ಅದು. ಸಾವಿರಾರು ಸಂಚಾರಿಗಳ ಅಂಚೆ ಅಲ್ಲಿಗೆ ಬಂದು ಅವರಿದ್ದ ಕಡೆಗೆ ಹೋಗುತ್ತದೆ. ವಯಸ್ಸಾಗಿ, ಕಾಯಿಲೆ ಬಿದ್ದು, ಇನ್ನು ಗಾಡಿ ಓಡಿಸಲಾಗದವರು ತಮ್ಮ ಆರ್‌ವಿಯಲ್ಲೇ ಇದ್ದುಕೊಂಡು ಊಟ, ಆರೈಕೆ ಪಡೆಯಲು ಅಲ್ಲೊಂದು ಕೇಂದ್ರವಿದೆ. ರಸ್ತೆಯ ಬದುಕಿನ ಬಗ್ಗೆ ಉತ್ಸಾಹದಿಂದ ಮಾತಾಡುವವರು ಆ ಕೇಂದ್ರದ ಹೆಸರನ್ನು ಅಪರೂಪಕ್ಕೂ ಎತ್ತುವುದಿಲ್ಲ. ಎತ್ತಬೇಕು.

ಫ್ಲಾರಿಡದ ಒಳ್ಳೆಯ ಗುಣ ಎಂದರೆ, ‘ಇದೇ ನನ್ನ ಕಾಯಂ ನೆಲೆ’ ಎಂದು ಕೌಂಟಿ ಕೋರ್ಟಿನ ಕ್ಲರ್ಕ್ ಬಳಿ ಬರೆದು ದಾಖಲಿಸಲು ಕಾನೂನೇ ದಾರಿ ಮಾಡಿಕೊಟ್ಟಿದೆ. ಗಾಡಿ ವಿಮೆ ಮಾತ್ರ ದುಬಾರಿ.

ಬರೆದುಕೊಟ್ಟ ಮಾತ್ರಕ್ಕೆ ಮುಗಿಯಿತೇ? ಇಲ್ಲ ಎನ್ನಲು ಇಲ್ಲಿನ ನ್ಯಾಯಾಲಯಗಳ ಚರಿತ್ರೆಯೇ ಸಾಕ್ಷಿ. ಕ್ಯಾಂಬೆಲ್ ಸೂಪ್ ಕಂಪನಿಯ ಜಾನ್ ಡೊರೆನ್ಸ್ ತನ್ನ ನೆಲೆ ನ್ಯೂಜರ್ಸಿ ಎಂದು ಕೊನೆಯವರೆಗೂ ಹೇಳಿಕೊಂಡರು, ಸಂಸಾರ ಮಾತ್ರ ಪೆನ್ಸಿಲ್ವೇನಿಯದ ದೊಡ್ಡ ಮನೆಯಲ್ಲಿತ್ತು. 1930ರಲ್ಲಿ ಅವರು ತೀರಿಕೊಂಡ ಮೇಲೆ ಎರಡೂ ರಾಜ್ಯಗಳ ನ್ಯಾಯಾಲಯಗಳು ‘ಇವರು ನಮ್ಮವರು’ ಎಂದು ತೀರ್ಪು ಕೊಟ್ಟವು, ಎರಡೂ ರಾಜ್ಯಗಳು ತಲಾ ಕೋಟಿಗೂ ಹೆಚ್ಚು ಡಾಲರ್ ಉತ್ತರಾಧಿಕಾರ ತೆರಿಗೆ ಕಿತ್ತುಕೊಂಡವು. ಕರ್ನಲ್ ಎಡ್ವರ್ಡ್ ಗ್ರೀನ್ ಅವರದು ಇನ್ನೂ ದೊಡ್ಡ ಕಥೆ. ಟೆಕ್ಸಾಸ್‌ನಲ್ಲಿ ರೈಲ್ವೆ ನಡೆಸಿದವರು, ತಾನು ಟೆಕ್ಸಾಸ್‌ನವನು ಎಂದು ಸಾರಿಕೊಂಡವರು. ಬೇಸಿಗೆ ಮ್ಯಾಸಚೂಸೆಟ್ಸ್‌ನ ಬಂಗಲೆಯಲ್ಲಿ, ಚಳಿಗಾಲ ಫ್ಲಾರಿಡದಲ್ಲಿ. 1936ರಲ್ಲಿ ಸತ್ತಾಗ ನಾಲ್ಕು ರಾಜ್ಯಗಳು ಆಸ್ತಿಗೆ ಕೈ ಚಾಚಿದವು. 1939ರಲ್ಲಿ ಸುಪ್ರೀಂ ಕೋರ್ಟ್ ಅವರ ನೆಲೆ ಮ್ಯಾಸಚೂಸೆಟ್ಸ್ ಎಂದು ಹೇಳಿತು. ಬಾಯಲ್ಲಿ ಹೇಳಿದ ಊರನ್ನು ಬಿಟ್ಟು ಬಾಳಿದ ಊರನ್ನು ಕೋರ್ಟು ಹಿಡಿಯಿತು. ನಮ್ಮಂಥವರ ಬಳಿ ಅಂಥ ಆಸ್ತಿ ಇಲ್ಲ, ಆದರೆ ಅಳೆಯುವ ಕೋಲು ಅದೇ. ವಿಳಾಸ ಸೌತ್ ಡಕೋಟದ್ದು, ಬ್ಯಾಂಕು, ಡಾಕ್ಟರು, ಸಾಮಾನು ತುಂಬಿಟ್ಟ ಗೋದಾಮು, ವರ್ಷದ ಏಳೆಂಟು ತಿಂಗಳು ಎಲ್ಲವೂ ಕ್ಯಾಲಿಫೋರ್ನಿಯದಲ್ಲಿ ಎಂದಾದರೆ ಪ್ರಶ್ನೆ ಬಂದೇ ಬರುತ್ತದೆ. ಗಾಡಿ ನಿಲ್ಲಿಸಿಕೊಂಡು ಅಲ್ಲೇ ಕೂತು ಲ್ಯಾಪ್‌ಟಾಪಿನಲ್ಲಿ ದುಡಿದ ಸಂಬಳಕ್ಕಂತೂ, ನೀವು ಎಲ್ಲಿಯವರೇ ಆಗಿರಿ, ಆ ರಾಜ್ಯ ತೆರಿಗೆ ಕೇಳಬಹುದು.

ತೆರಿಗೆಗಿಂತ ಮೊದಲು ನೋಡಬೇಕಾದ್ದು ಆರೋಗ್ಯ ವಿಮೆ. 65 ದಾಟಿ ಮೂಲ ಮೆಡಿಕೇರ್ (ಹಿರಿಯರಿಗೆ ಸರ್ಕಾರವೇ ಕೊಡುವ ಆರೋಗ್ಯ ವಿಮೆ) ಇದ್ದವರಿಗೆ ಚಿಂತೆ ಕಡಿಮೆ, ದೇಶದ ಎಲ್ಲ ಕಡೆ ನಡೆಯುತ್ತದೆ. ಅದಕ್ಕಿಂತ ಚಿಕ್ಕವರು ಸರ್ಕಾರ ನಡೆಸುವ ವಿಮಾ ಮಾರುಕಟ್ಟೆಯಲ್ಲಿ ಕೊಳ್ಳುವ ವಿಮೆ ರಾಜ್ಯಕ್ಕೆ, ಕೌಂಟಿಗೆ ಕಟ್ಟುಬಿದ್ದದ್ದು. ಅನೇಕ ಯೋಜನೆಗಳು ತುರ್ತು ಚಿಕಿತ್ಸೆ ಬಿಟ್ಟು ಹೊರಗಿನ ಆಸ್ಪತ್ರೆಗೆ ಕಾಸು ಕೊಡುವುದಿಲ್ಲ. ಆರಿಜೋನದಲ್ಲಿ ಕ್ಯಾನ್ಸರ್ ಪತ್ತೆಯಾದರೆ ಚಿಕಿತ್ಸೆ ಎಲ್ಲಿ? ವಿಮೆ ಇರುವ ಕೌಂಟಿಯಲ್ಲಿ. ಕೀಮೋ ಮುಗಿಯುವವರೆಗೆ ತಿಂಗಳುಗಟ್ಟಲೆ ಅಲ್ಲಿ ಇರಬೇಕಾಗುತ್ತದೆ. ಹಾಗೆ ಇರಲು ಒಪ್ಪದ ಊರನ್ನು ವಿಳಾಸ ಮಾಡಿಕೊಳ್ಳುವುದು ಯಾಕೆ?

ಭಾರತದಿಂದ ಬಂದ ನಮ್ಮವರಿಗೆ ಇನ್ನೊಂದು ಪದರ ಉಂಟು, ಅದನ್ನು ಇಲ್ಲಿನ ಆರ್‌ವಿ ಮಂದಿ ಹೇಳಿಕೊಡುವುದಿಲ್ಲ, ಅವರಿಗೆ ಗೊತ್ತಿರುವ ಅಗತ್ಯವೂ ಇಲ್ಲ. ಎಚ್-1ಬಿ ಕೆಲಸದ ವೀಸಾ ಮೇಲಿರುವವರು ಕೆಲಸ ಮಾಡುವ ಜಾಗವನ್ನೇ ಸರ್ಕಾರಕ್ಕೆ ಬರೆದುಕೊಟ್ಟಿರುತ್ತಾರೆ, ಸದಾ ಊರೂರು ಸುತ್ತುವ ಬದುಕು ಅದಕ್ಕೆ ಹೊಂದುವುದಿಲ್ಲ. ಗ್ರೀನ್ ಕಾರ್ಡ್ ಇದ್ದವರು ವಿಳಾಸ ಬದಲಾದ 10 ದಿನಗಳೊಳಗೆ ತಿಳಿಸಬೇಕು. ಪೌರತ್ವಕ್ಕೆ ಅರ್ಜಿ ಹಾಕಲು ಆ ರಾಜ್ಯದಲ್ಲೋ ಆ ವಲಯದಲ್ಲೋ ಮೂರು ತಿಂಗಳು ವಾಸವಿರಬೇಕು, ಅಲ್ಲಿ ನೋಡುವುದು ನಿಜವಾಗಿ ಬಾಳುವ ಜಾಗವನ್ನು, ಉದ್ದೇಶವನ್ನಲ್ಲ. ಆದ್ದರಿಂದ ಪೌರತ್ವದ ಕೆಲಸ ಮುಗಿಯುವ ತನಕ ಮನೆ ಮಾರಬೇಡಿ ಎಂದೇ ನಾನು ಕೇಳಿದವರಿಗೆಲ್ಲ ಹೇಳುವುದು.

ಊರಿನ ರೀತಿಯ ಜೊತೆ ಇದನ್ನು ಹೋಲಿಸಿ ನೋಡುತ್ತೇನೆ. ಗಾಡಿಯ ವಿಷಯದಲ್ಲಿ ಅಮೆರಿಕದ ವ್ಯವಸ್ಥೆ ಎಷ್ಟೋ ಮೇಲು. ಒಂದು ರಾಜ್ಯದ ನಂಬರ್ ಪ್ಲೇಟ್ ಹಾಕಿಕೊಂಡು ವರ್ಷಪೂರ್ತಿ ಸುತ್ತಿದ್ದಕ್ಕೆ ನಮ್ಮನ್ನು ಇದುವರೆಗೆ ಯಾರೂ ತಡೆದಿಲ್ಲ. ಭಾರತದಲ್ಲಿ ಗಾಡಿ ಬೇರೆ ರಾಜ್ಯದಲ್ಲಿ 12 ತಿಂಗಳು ದಾಟಿ ಉಳಿದರೆ ಮರುನೋಂದಣಿ, ಎನ್‌ಒಸಿ, ಮತ್ತೆ ಜೀವಾವಧಿ ತೆರಿಗೆ. ಈ ಮರುನೋಂದಣಿ ತಪ್ಪಿಸಲು 2021ರಲ್ಲಿ ಬಂದ ಬಿಎಚ್ ಸರಣಿಯ ನಂಬರ್ ಸರ್ಕಾರಿ ನೌಕರರಿಗೂ ನಾಲ್ಕಕ್ಕಿಂತ ಕಡಿಮೆಯಿಲ್ಲದ ರಾಜ್ಯಗಳಲ್ಲಿ ಕಚೇರಿ ಇರುವ ಕಂಪನಿಗಳವರಿಗೂ ಮಾತ್ರ ಸಿಗುವಂಥದ್ದು. ಆದರೆ ಮತದ ವಿಷಯದಲ್ಲಿ ಭಾರತದ ದಾರಿಯೇ ನ್ಯಾಯವಾದದ್ದು. ಅಲ್ಲಿನ 1950ರ ಪ್ರಜಾಪ್ರತಿನಿಧಿ ಕಾಯ್ದೆಯ ಪ್ರಕಾರ ಒಂದು ಊರಿನಲ್ಲಿ ಮನೆ ಇದೆ ಎಂಬಷ್ಟಕ್ಕೇ ಯಾರೂ ಅಲ್ಲಿನ ಸಾಮಾನ್ಯ ನಿವಾಸಿ ಆಗುವುದಿಲ್ಲ, ತಾತ್ಕಾಲಿಕವಾಗಿ ಹೊರಗೆ ಹೋದದ್ದಕ್ಕೇ ನಿವಾಸ ತಪ್ಪುವುದೂ ಇಲ್ಲ. ಮನೆಯೇ ಇಲ್ಲದವರು ಅರ್ಜಿ ಹಾಕಿದರೆ ಬೂತ್ ಮಟ್ಟದ ಅಧಿಕಾರಿ ರಾತ್ರಿ ಹೊತ್ತು ಹೋಗಿ, ಆ ಮನುಷ್ಯ ಹೇಳಿದ ಜಾಗದಲ್ಲೇ ಮಲಗುತ್ತಾನೆಯೇ ಎಂದು ನೋಡಿಕೊಂಡು ಬರಬೇಕೆಂಬ ನಿಯಮವಿದೆ. ವಿಳಾಸದ ಕಾಗದ ಕೇಳುವುದಿಲ್ಲ. ಎಲ್ಲ ಕಡೆ ಅದು ಸರಿಯಾಗಿ ನಡೆಯುತ್ತದೆ ಎಂದು ನಾನು ಹೇಳುತ್ತಿಲ್ಲ. ಪ್ರಜೆ ಮಲಗುವಲ್ಲಿಗೆ ಸರ್ಕಾರ ಹೋಗಬೇಕು ಎಂಬ ತತ್ವ ದೊಡ್ಡದು. ಇಲ್ಲಿ ನಾವು ದುಡ್ಡು ಕೊಟ್ಟು ವಿಳಾಸ ಕೊಳ್ಳಬೇಕು, ಕೊಂಡ ಮೇಲೂ ಅನುಮಾನ ಉಳಿಯುತ್ತದೆ. 2021ರಲ್ಲಿ ಟೆಕ್ಸಾಸ್ ಮಾಡಿದ ಕಾನೂನು, ವಾಣಿಜ್ಯ ಅಂಚೆಪೆಟ್ಟಿಗೆಯ ವಿಳಾಸ ಕೊಟ್ಟ ಮತದಾರರಿಂದ ನಿವಾಸದ ಪುರಾವೆ ಕೇಳುತ್ತದೆ.

ಅಮೆರಿಕಕ್ಕೆ ಇದರ ಪರಿಹಾರ ಗೊತ್ತಿಲ್ಲದೆ ಇಲ್ಲ. ಮಕ್ಕಳು ದೊಡ್ಡವರಾದ ಮೇಲೆ ಬೆಂಗಳೂರಿಗೆ ಮರಳಿ ಜಯನಗರದಲ್ಲೋ ವೈಟ್‌ಫೀಲ್ಡ್‌ನಲ್ಲೋ ನೆಲೆಸಿದ ಅಮೆರಿಕನ್ ಪಾಸ್‌ಪೋರ್ಟಿನ ಗೆಳೆಯರು ನನಗಿದ್ದಾರೆ. 1986ರ ಕೇಂದ್ರ ಕಾನೂನಿನಂತೆ ಅವರು ಅಮೆರಿಕದಲ್ಲಿ ಕೊನೆಗೆ ವಾಸವಿದ್ದ ರಾಜ್ಯದಿಂದಲೇ ಅಧ್ಯಕ್ಷರ, ಕಾಂಗ್ರೆಸ್ಸಿನ ಚುನಾವಣೆಗೆ ಅಂಚೆ ಮತ ಹಾಕುತ್ತಾರೆ, ಆ ರಾಜ್ಯದಲ್ಲಿ ಒಂದು ಕೋಣೆಯೂ ಉಳಿದಿಲ್ಲದಿದ್ದರೂ. ದೇಶ ಬಿಟ್ಟವನಿಗೆ ಸಿಕ್ಕ ಈ ಹಕ್ಕು ದೇಶದೊಳಗೇ ಸುತ್ತುತ್ತಾ ತೆರಿಗೆ ಕಟ್ಟುವವನಿಗೆ ಸಿಗಬಾರದೇ? ಕೊನೆಯ ನಿಜವಾದ ವಾಸದ ವಿಳಾಸದಿಂದ ಸಂಚಾರಿಗಳೂ ಮತ ಹಾಕಬಹುದು ಎಂದು ಆ ಕಾನೂನಿಗೆ ಒಂದು ಕಲಮು ಸೇರಿಸಿದರೆ ಸಾಕು. ಪ್ರತಿನಿಧಿಗಳಿಗೆ ಪತ್ರ ಬರೆಯುವಾಗ ನಾನು ಕೇಳುವುದು ಇದನ್ನೇ. ಅದು ಆಗುವವರೆಗೆ, ರಾಜ್ಯ ಆರಿಸುವವರು ಲೈಸೆನ್ಸ್ ಕೌಂಟರಿಗೆ ಹೋಗುವ ಮೊದಲು ಆ ಕೌಂಟಿಯ ಚುನಾವಣಾ ಕಚೇರಿಗೂ ವಿಮೆ ಮಾರುವವರಿಗೂ ಒಂದೊಂದು ಫೋನ್ ಮಾಡಿ, ನಮ್ಮ ವಿಳಾಸ ಇಂಥದ್ದು, ನಡೆಯುತ್ತದೆಯೇ ಎಂದು ಕೇಳಿಕೊಳ್ಳಲಿ.