ಸರ್ಟಿಫಿಕೇಟ್ ಕೇಳಿದ್ರೆ ಪ್ರೈವೇಟ್ ಕೀ ವಾಟ್ಸಾಪ್‌ಗೆ ಹಾಕ್ತಾರೆ!

ಕಲಬುರಗಿಯ ನೆಹರು ಗಂಜ್‌ನಲ್ಲಿ ತೊಗರಿ ವ್ಯಾಪಾರ ಮಾಡುವವರೊಬ್ಬರ ವೆಬ್‌ಸೈಟ್ ನಾನು ನೋಡಿಕೊಳ್ಳುತ್ತೇನೆ. ಸೈಟ್ ಅಸಲಿ ಅಂತ ಬ್ರೌಸರ್‌ಗೆ ತೋರಿಸುವ ಅದರ ಸರ್ಟಿಫಿಕೇಟ್‌ನ ಅವಧಿ ಮುಗಿಯುತ್ತಾ ಬಂದಿತ್ತು. ಅದನ್ನು ಮಾಡಿಸಿಕೊಡುವ ಏಜೆನ್ಸಿಯವರಿಗೆ ಕೇಳಿ ಕೇಳಿ ಸಾಕಾಯಿತು. ಕೊನೆಗೂ ನಾಲ್ಕು ಫೈಲ್ ಬಂದವು. ಎಲ್ಲಿಗೆ? ವಾಟ್ಸಾಪ್ ಗ್ರೂಪ್‌ಗೆ! ಹೆಸರುಗಳು ನ್ಯೂ, ನ್ಯೂ ಒನ್, ಫೈನಲ್, ಫೈನಲ್ ನ್ಯೂ. ಎಲ್ಲದರ ಬಾಲಕ್ಕೂ ಡಾಟ್ ಸಿಆರ್‌ಟಿ, ಅಂದರೆ ಸರ್ಟಿಫಿಕೇಟ್ ಅನ್ನೋ ಹಣೆಪಟ್ಟಿ. ಯಾವುದರಲ್ಲಿ ಏನಿದೆ ಅಂತ ಫೋನ್ ಮಾಡಿದರೆ, "ಅದರಾಗೇ ಎಲ್ಲಾ ಅದ ನೋಡ್ರಿ ಸರ್" ಅಂದು ಇಟ್ಟೇಬಿಟ್ಟರು.

ಚೀಲದ ಮೇಲೆ ತೊಗರಿ ಅಂತ ಬರೆದು ಒಳಗೆ ಕಡಲೆ ತುಂಬಿದರೆ ಗಂಜ್‌ನಲ್ಲಿ ಸುಮ್ನೆ ಬಿಡ್ತಾರಾ?

ಟರ್ಮಿನಲ್‌ನಲ್ಲಿ ಒಂದೊಂದನ್ನೇ ಬಿಚ್ಚುತ್ತಾ ಕೂತೆ. ಮೊದಲನೆಯದನ್ನು ಇಂಥ ಫೈಲ್ ಓದುವ ಓಪನ್‌ಎಸ್‌ಎಸ್‌ಎಲ್ ಟೂಲ್‌ನ ಎಕ್ಸ್509 ಕಮಾಂಡ್‌ಗೆ ಕೊಟ್ಟು ತಾರೀಖು ನೋಡಿದರೆ ಅದು ಹಳೆಯ ಸರ್ಟಿಫಿಕೇಟ್! ಎರಡನೆಯದೂ ಅದೇ, ಬೈನರಿ ರೂಪದಲ್ಲಿ. ಮೂರನೆಯದು ಪಿಎಫ್‌ಎಕ್ಸ್. ಸರ್ಟಿಫಿಕೇಟ್, ಅದರ ಪ್ರೈವೇಟ್ ಕೀ (ಯಾರಿಗೂ ಕೊಡಬಾರದ ಗುಟ್ಟಿನ ಕೀಲಿ) ಎರಡನ್ನೂ ಸೇರಿಸಿ ಪಾಸ್‌ವರ್ಡ್ ಹಾಕಿ ಕಟ್ಟಿದ ಗಂಟು. ಪಾಸ್‌ವರ್ಡ್ ಕೇಳಿ ಪಡೆದೆ, ಅದೂ ಅದೇ ಗ್ರೂಪ್‌ನಲ್ಲಿ ಬಂತು. ಆದರೂ ತೆರೆಯಲಿಲ್ಲ. 'ಅನ್‌ಸಪೋರ್ಟೆಡ್' ಅಂತೆ. ನೋಡಿದರೆ, ಓಬಿರಾಯನ ಕಾಲದ 40 ಬಿಟ್ ಆರ್‌ಸಿ2 ಅನ್ನೋ ಗೂಢಲಿಪಿಯಲ್ಲಿ ಕಟ್ಟಿದ್ದಾರೆ. 2021ರಲ್ಲಿ ಬಂದ ಓಪನ್‌ಎಸ್‌ಎಸ್‌ಎಲ್ 3.0 ಅದನ್ನು ಮೂಲೆಗೆ ತಳ್ಳಿದೆ, ಕಮಾಂಡ್‌ಗೆ ಲೆಗಸಿ ಅಂತ ಸೇರಿಸಿದರೆ ಮಾತ್ರ ಬಾಯಿ ಬಿಡುತ್ತದೆ. ಆ ಎರರ್ ಸಂದೇಶವನ್ನಾದರೂ ಮನುಷ್ಯರಿಗೆ ಅರ್ಥವಾಗುವಂತೆ ಬರೆಯೋಕೆ ಏನು ರೋಗ? ಅಂತೂ ಒಳಗೆ ಹೊಸ ಸರ್ಟಿಫಿಕೇಟ್ ಸಿಕ್ಕಿತು.

ಇನ್ನು ನಾಲ್ಕನೆಯದು. ಮೊದಲ ಸಾಲೇ 'ಬಿಗಿನ್ ಪ್ರೈವೇಟ್ ಕೀ'. ಎನ್‌ಕ್ರಿಪ್ಟೆಡ್ ಅನ್ನೋ ಪದವೇ ಇಲ್ಲ, ಅಂದರೆ ಪಾಸ್‌ವರ್ಡ್ ಕೂಡ ಇಲ್ಲ. ಬೆತ್ತಲೆ ಕೀ! ಬೇರೆ ಯಾವುದರದೋ ಇರಲಪ್ಪ ದೇವರೇ ಅಂದುಕೊಂಡು, ಇದರಿಂದ ಇದರ ಜೋಡಿ, ಎಲ್ಲರಿಗೂ ತೋರಿಸಬಹುದಾದ ಪಬ್ಲಿಕ್ ಕೀ ತೆಗೆದು ಹೊಸ ಸರ್ಟಿಫಿಕೇಟ್‌ನಲ್ಲಿರುವುದಕ್ಕೆ ಹೋಲಿಸಿದೆ. ಅಕ್ಷರ ಬಿಡದೆ ತಾಳೆಯಾಯಿತು. ಸೈಟ್‌ನ ಗುಟ್ಟು ಈಗ ಗ್ರೂಪ್‌ನಲ್ಲಿರುವ ಎಲ್ಲರ ಫೋನ್‌ನಲ್ಲೂ ಇದೆ, ಗುಮಾಸ್ತರ ಮಗ ಗೇಮ್ ಆಡುವ ಫೋನ್ ಸೇರಿ. ಇದು ನಡೆಯಲ್ಲ, ಈ ಸರ್ಟಿಫಿಕೇಟ್ ರದ್ದು ಮಾಡಿಸಿ ಅಂದರೆ ಏಜೆನ್ಸಿಯವರು "ಯಾರ್ ನೋಡ್ತಾರ್ರೀ ಅದನ್ನ?" ಅಂತಾರೆ. ಫೈಲ್ ಅರ್ಥವಾಗದಿದ್ದರೆ ಅದ್ಯಾವುದೋ ಆನ್‌ಲೈನ್ ಡಿಕೋಡರ್‌ನಲ್ಲಿ ಪೇಸ್ಟ್ ಮಾಡಬೇಕಂತೆ. ಪ್ರೈವೇಟ್ ಕೀಯನ್ನು! ಊರವರಿಗೆ ಹಂಚಿದ್ದು ಸಾಲಲಿಲ್ಲ ಅಂತ ಕಾಣುತ್ತೆ.

ಸರ್ವರ್‌ನಲ್ಲೇ ಹೊಸ ಕೀ ಮಾಡಿ ಸಿಎಸ್‌ಆರ್, ಅಂದರೆ ಸರ್ಟಿಫಿಕೇಟ್ ಕೋರುವ ಅರ್ಜಿ ಮಾತ್ರ ಕಳಿಸಿದೆ. ಅದರಲ್ಲಿ ಸೈಟ್‌ನ ಹೆಸರು, ಪಬ್ಲಿಕ್ ಕೀ ಇರುತ್ತೆ, ಪ್ರೈವೇಟ್ ಕೀ ಇರಲ್ಲ, ಸರ್ಟಿಫಿಕೇಟ್ ಮಾಡಿಸೋಕೆ ಅಷ್ಟು ಸಾಕು. ಇದನ್ನೆಲ್ಲ ಬಿಡಿಸಿ ಬರೆದೂ ಇದ್ದೆ. ಈಗಷ್ಟೇ ಉತ್ತರ ಬಂತು: "ಸರ್, ಇದರ ಕೀ ಫೈಲ್ ಕಳಿಸೇ ಇಲ್ಲಲ್ರಿ?"